ಪೊರ್ಬುಗಳ ಸ್ವರದಲ್ಲಿ ಒಂದು ‘ಬರಲಿ’

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಅರ್ಧ ಓದಿದ ಮೇಲೆ ನೀವೇ ಕಂಡುಹಿಡಿದು ಬೈಯುವುದು ಬೇಡ. ನಮ್ಮ ಹೊಸ ಉಕ್ಕಿನ ಮಿಲ್ಲಿನಲ್ಲಿ ಮೊಟ್ಟಮೊದಲ ಸಲ ಕೆಂಪಗೆ ಕಾದ ಕಬ್ಬಿಣ ಫರ್ನೇಸಿನಿಂದ ಹೊರಗೆ ಬಂದದ್ದು ನಾನು ಆಡಿದ ಒಂದೇ ಒಂದು ಮಾತಿಗೆ. ಮಾತು ನನ್ನದು, ಸ್ವರ ಮಾತ್ರ ನಮ್ಮ ಫೋರ್‌ಮನ್‌ರದ್ದು. ಅವರು ಆಗ ದೂರದಲ್ಲಿ, ಯಂತ್ರದ ಬಾಯಿಯ ಹತ್ತಿರ ನಿಂತಿದ್ದರು. ಕಬ್ಬಿಣವನ್ನು ಬರಹೇಳುವ ಯೋಚನೆಯೇ ಅವರಿಗೆ ಇರಲಿಲ್ಲ. ನಾನು ಶೆಡ್ಡಿನ ಹಿಂಬದಿಯಲ್ಲಿ ಎಳನೀರಿನ ರಾಶಿಗೆ ಒರಗಿ ಕೂತು, ಅವರ ಹಾಗೆ ಕೆಮ್ಮಿ, ಅವರ ಹಾಗೆ ‘ಬರಲಿ’ ಎಂದೆ.

ಅದು ನಾನು ಎಂದು ಬಾಯಿಬಿಡಲು ನನಗೆ ಇಪ್ಪತ್ತಾರು ದಿನ ಹಿಡಿಯಿತು. ಆ ಇಪ್ಪತ್ತಾರು ದಿನವೂ ಅವರು ತಮ್ಮ ತಲೆಯೇ ಕೆಟ್ಟಿದೆ ಎಂದು ನಂಬಿಕೊಂಡು ಬದುಕಿದರು.

ಅಣಕ ನನಗೆ ಹುಟ್ಟಿನಿಂದ ಅಂಟಿದ ಚಟ. ಶಾಲೆಗೆ ಹೋಗುವಾಗ ಕಾಪುವಿನಿಂದ ಉಡುಪಿಗೆ ಹೊರಟ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು, ಕಂಡಕ್ಟರನ ಸ್ವರದಲ್ಲಿ ‘ರೈಟ್, ಪೋಯಿ’ ಎಂದು ಬಸ್ಸನ್ನು ಹೊರಡಿಸಿ, ಕಂಡಕ್ಟರನನ್ನೇ ಉದ್ಯಾವರದ ರಸ್ತೆಬದಿಯಲ್ಲಿ ಬಿಟ್ಟುಬಂದವನು ನಾನು. ಆಗ ಇಡೀ ಬಸ್ಸು ನಕ್ಕಿತ್ತು. ಆ ನಗುವೇ ನನ್ನನ್ನು ಹಾಳು ಮಾಡಿದ್ದು. ನಿಟ್ಟೆಯಲ್ಲಿ ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನ ವಾರ್ಡನ್‌ರನ್ನು ಅವರಿಗಿಂತ ಚೆನ್ನಾಗಿ ಆಡುತ್ತಿದ್ದೆ. ಓದು ಐದು ವರ್ಷದಲ್ಲಿ ಮುಗಿಯಿತು. ಉಳಿದವರಿಗೆ ನಾಲ್ಕು ಸಾಕಾಗುತ್ತದೆ. ಇಷ್ಟೆಲ್ಲ ಸ್ವರಗಳ ನಡುವೆ ನನ್ನದು ಯಾವುದು ಎಂದು ಯಾರಿಗೂ ಗೊತ್ತಿಲ್ಲ. ನಾನು ಫೋನ್ ಮಾಡಿದರೆ ಅಮ್ಮ ಮೊದಲು ಕೇಳುವುದು, “ಈಗ ನೀನು ಯಾರು?”

ಇಂಥವನಿಗೆ ಕೆಲಸ ಕೊಟ್ಟವರು ಕಾಪುವಿನ ನಮ್ಮ ಧಣಿಗಳು. ಅಜ್ಜನ ಕಾಲದಿಂದ ಅವರದು ಮೀನಿನ ದೋಣಿಗಳ ಮನೆ. ಎರಡು ಬೋಟುಗಳನ್ನು ಮಾರಿ, ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಮುರಕಲ್ಲು ತೆಗೆದು ಖಾಲಿಯಾಗಿದ್ದ ಒಂದು ಗುಡ್ಡವನ್ನು ಕೊಂಡು, ಅಲ್ಲಿ ಮನೆ ಕಟ್ಟುವ ಸರಳುಗಳ ರೋಲಿಂಗ್ ಮಿಲ್ ಹಾಕಲು ಹೊರಟಿದ್ದರು. “ಸಮುದ್ರದಲ್ಲಿ ಮೀನು ಕಡಿಮೆ ಆಯಿತು, ಊರಿನಲ್ಲಿ ಮನೆ ಕಡಿಮೆ ಆಗುವುದಿಲ್ಲ” ಎನ್ನುವುದು ಅವರ ಲೆಕ್ಕಾಚಾರ. ಯಂತ್ರ ಕೊಟ್ಟದ್ದು ಪಂಜಾಬಿನ ಒಂದು ಕಂಪೆನಿ. ಅವರು ಯಂತ್ರ ಮಾರಿ ಕೈತೊಳೆದುಕೊಂಡವರಲ್ಲ. ಯಂತ್ರವನ್ನೇ ತಮ್ಮ ಪಾಲು ಎಂದು ಹಾಕಿ ಮಿಲ್ಲಿನಲ್ಲಿ ಪಾಲುದಾರರಾದವರು. ಮಿಲ್ಲು ಒಂದು ಹದಕ್ಕೆ ಬರುವವರೆಗೆ ಅವರ ಇಂಜಿನಿಯರು ಇಲ್ಲೇ ಇರುವುದು, ಪ್ರತಿದಿನದ ವರದಿಗೂ ಎರಡೂ ಕಡೆಯವರು ಸಹಿ ಹಾಕುವುದು ಎಂದು ಒಪ್ಪಂದ.

ಒಪ್ಪಂದದ ಪುಟಗಳನ್ನು ಧಣಿಗಳು ಪೂರ್ತಿ ಓದಲಿಲ್ಲ. ಓದಿ ಹೇಳಬೇಕಾದವನು ನಾನು. ನಾನು ಓದುವ ಬದಲು ಪಂಜಾಬಿನವರು ಅದನ್ನು ಹೇಗೆ ಓದಿರಬಹುದು ಎಂದು ಅಣಕಿಸಿ ತೋರಿಸಿದೆ. ಧಣಿಗಳು ನಕ್ಕು ಸಹಿ ಹಾಕಿದರು. ಪಾಲು ಎಂದರೆ ಅವರಿಗೆ ಗೊತ್ತಿದ್ದದ್ದು ದೋಣಿಯ ಪಾಲು. “ನಡುಕಡಲಿನಲ್ಲಿ ಬಲೆ ಹರಿದರೆ ಯಾರಿಂದ ಹರಿಯಿತು ಅಂತ ಕೇಳುವುದುಂಟಾ ಮಾರಾಯ? ಎಲ್ಲರೂ ದಡಕ್ಕೆ ಬಂದು ಕೂತು ಹೊಲಿಯುವುದು” ಎನ್ನುತ್ತಿದ್ದರು. ಪಂಜಾಬಿನ ಇಂಜಿನಿಯರಿಗೆ ನಾನು ಇದನ್ನು ಹಿಂದಿಯಲ್ಲಿ ಹೇಳಿದಾಗ ಅವನು ಬಹಳ ಮೆಚ್ಚಿ ತಲೆಯಾಡಿಸಿದ. ಅವನು ಒಳ್ಳೆಯವನೇ. ಎಲ್ಲರೂ ಅವನನ್ನು ಪಾಜಿ, ಅಂದರೆ ಪಂಜಾಬಿಯಲ್ಲಿ ಅಣ್ಣ, ಎಂದು ಕರೆಯುತ್ತಿದ್ದೆವು. ತೆಂಗಿನೆಣ್ಣೆಯ ಪಲ್ಯ ಒಂದನ್ನು ಬಿಟ್ಟರೆ ನಮ್ಮೂರಿನ ಮೇಲೆ ಅವನಿಗೆ ಯಾವ ದೂರೂ ಇರಲಿಲ್ಲ.

ಇನ್ನು ಫೋರ್‌ಮನ್. ಉದ್ಯಾವರದವರು, ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮನೆತನ. ನಮ್ಮ ಕಡೆ ಅಂಥ ಹಿರಿಯರನ್ನು ಪೊರ್ಬುಗಳೇ ಎಂದು ಮರ್ಯಾದೆಯಿಂದ ಕರೆಯುವುದು ರೂಢಿ. ನಾವೂ ಹಾಗೆಯೇ ಕರೆಯುತ್ತಿದ್ದೆವು. ಗಲ್ಫಿನ ಒಂದು ರೋಲಿಂಗ್ ಮಿಲ್ಲಿನಲ್ಲಿ ಹರೆಯವನ್ನೆಲ್ಲ ಕಳೆದು ಊರಿಗೆ ಬಂದು, ಅಂಗಳದಲ್ಲಿ ಮಲ್ಲಿಗೆ ಬೆಳೆಸಿಕೊಂಡು ಸುಖವಾಗಿದ್ದವರು. ಧಣಿಗಳು ನಾಲ್ಕು ಸಲ ಹೋಗಿ ಬೇಡಿಕೊಂಡ ಮೇಲೆ ಬಂದರು. ಈ ಜಿಲ್ಲೆಯಲ್ಲಿ ಕಾದ ಕಬ್ಬಿಣದ ಬಣ್ಣ ನೋಡಿ ಅದು ಹದಕ್ಕೆ ಬಂದಿದೆಯೋ ಇಲ್ಲವೋ ಎಂದು ಹೇಳಬಲ್ಲ ಇನ್ನೊಬ್ಬರಿರಲಿಲ್ಲ.

ಅವರದೊಂದು ಕಟ್ಟುನಿಟ್ಟಿನ ಪದ್ಧತಿ. ಫರ್ನೇಸಿನಿಂದ ಬಿಲೆಟ್, ಅಂದರೆ ಸರಳಾಗುವ ಮೊದಲಿನ ಆ ಉದ್ದನೆಯ ಉಕ್ಕಿನ ದಿಂಡು, ಹೊರಗೆ ಬರಬೇಕಾದರೆ ಅವರು ವಾಕಿಟಾಕಿಯಲ್ಲಿ ತಮ್ಮ ಬಾಯಿಂದಲೇ ಹೇಳಬೇಕು. ಪಾಜಿಯ ಕಂಪೆನಿಯವರು ಹಸಿರು ದೀಪ, ಕೆಂಪು ದೀಪ ಎಂದು ಏನೇನೋ ತಂದಿದ್ದರು. ಪೊರ್ಬುಗಳು ಒಪ್ಪಲಿಲ್ಲ. “ಬಟನ್ ಯಾರು ಬೇಕಾದರೂ ಒತ್ತಿಯಾರು. ಮೊಣಕೈ ತಾಗಿದರೂ ದೀಪ ಹತ್ತುತ್ತದೆ. ಸ್ವರ ಹಾಗಲ್ಲ. ನನ್ನ ಸ್ವರ ನನ್ನ ಹತ್ತಿರ ಮಾತ್ರ ಉಂಟು.” ಗಲ್ಫಿನಲ್ಲಿ ಅಷ್ಟೂ ವರ್ಷ ಹಾಗೆಯೇ ನಡೆಸಿದ್ದರಂತೆ, ಒಬ್ಬನ ಕೂದಲೂ ಸುಟ್ಟಿರಲಿಲ್ಲವಂತೆ. ಧಣಿಗಳು ಅವರ ಪರ ನಿಂತರು. ಪಾಜಿ ಮನಸ್ಸಿಲ್ಲದ ಮನಸ್ಸಿನಿಂದ, ಮೊದಲ ಓಟಗಳಿಗೆ ಸ್ವರವೇ ಇರಲಿ, ದೀಪವನ್ನು ಆಮೇಲೆ ಜೋಡಿಸುವ ಎಂದು ಬರೆದು ಸಹಿ ಹಾಕಿದ. ಎದುರಿಗೆ ಕೂತು ನಾನೂ ತಲೆಯಾಡಿಸಿದೆ.

ಫರ್ನೇಸಿನಲ್ಲಿ ಲಿವರ್ ಹಿಡಿಯುವವರು ಕಾರ್ಕಳದ ಒಬ್ಬ ಮಧ್ಯವಯಸ್ಸಿನವರು, ತುಂಬಾ ಸಾಧು. ಅವರಿಗೆ ಪೊರ್ಬುಗಳು ಎರಡು ತಿಂಗಳು ಕಲಿಸಿದ್ದು ಒಂದೇ ಪಾಠ: “ನನ್ನ ಸ್ವರ ಕೇಳಿದರೆ ಉತ್ತರ ಕೊಡುವುದು ಬೇಡ, ಯೋಚನೆ ಮಾಡುವುದು ಬೇಡ, ದೂಡುವುದು. ಇನ್ನು ಯಾರು ಹೇಳಿದರೂ, ಧಣಿ ಹೇಳಿದರೂ, ದೂಡುವುದಿಲ್ಲ.”

ಆ ಸ್ವರವನ್ನು ನಾನು ಮೊದಲ ವಾರವೇ ಹಿಡಿದಿದ್ದೆ. ಮೊದಲು ಗಂಟಲಿನಲ್ಲೇ ಒಂದು ಸಣ್ಣ ಕೆಮ್ಮು. ಆಮೇಲೆ ಮೂಗಿನಿಂದ ಒಂದು ‘ಹ್ಞಾ’. ಆಮೇಲೆ ‘ಬರಲಿ’, ಕೊನೆಯ ಅಕ್ಷರಕ್ಕೆ ಬರುವಾಗ ಸ್ವರ ಸ್ವಲ್ಪ ಮೇಲೆ ಹೋಗಬೇಕು, ಬಾವಿಯಿಂದ ಕೊಡ ಎತ್ತಿದ ಹಾಗೆ. ಕ್ಯಾಂಟೀನಿನಲ್ಲಿ ಗೋಳಿಬಜೆಯ ತಟ್ಟೆ ಬರುವಾಗೆಲ್ಲ ನಾನು ಹಾಗೆ ಹೇಳುವುದು, ಎಲ್ಲರೂ ಬಿದ್ದು ನಗುವುದು. ಒಂದು ದಿನ ಪೊರ್ಬುಗಳೇ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಬೈಯಲಿಲ್ಲ. “ಚಂದ ಮಾಡ್ತಿ. ಇದೊಂದು ಮಾತ್ರ ಬೇಡ, ಆಯ್ತಾ?” ಎಂದರು. ನಾನು ಎರಡೂ ಕಿವಿ ಹಿಡಿದು ಆಯಿತು ಎಂದೆ. ಆ ದಿನದಿಂದ ಎಲ್ಲರೆದುರು ನಿಜವಾಗಿಯೂ ನಿಲ್ಲಿಸಿದ್ದೆ. ಆಮೇಲೆ ಯಾರಿಗೂ ನನ್ನ ಮೇಲೆ ಸಂಶಯ ಬಾರದಿರಲು ಅದೂ ಒಂದು ಕಾರಣ.

ಕಾದ ಕಬ್ಬಿಣ ಹಾಕಿ ಯಂತ್ರ ಓಡಿಸುವ ಮೊದಲ ಬಿಸಿ ಓಟದ ದಿನ ಬಂತು. ಪಂಜಾಬಿನಿಂದ ಕಂಪೆನಿಯ ಹಿರಿಯರು ಬಂದಿದ್ದರು. ಧಣಿಗಳು ಹೊಸ ಬೋಟನ್ನು ನೀರಿಗಿಳಿಸುವಾಗ ಮಾಡುವ ಹಾಗೆ ಇಡೀ ಯಂತ್ರಕ್ಕೆ ಹೂವಿನ ಮಾಲೆ ಹಾಕಿಸಿ, ಅರಶಿನ ಕುಂಕುಮ ಹಚ್ಚಿಸಿ, ಎದುರಿಗೆ ಕುರ್ಚಿಗಳ ಸಾಲು ಇಡಿಸಿದ್ದರು. ಕಾರ್ಡಿನಲ್ಲಿ ನನ್ನ ಹುದ್ದೆ ‘ಸಂಯೋಜಕ’ ಎಂದಿತ್ತು. ಆ ದಿನದ ಸಂಯೋಜನೆ ಎಂದರೆ ಎಳನೀರು ಹಂಚುವುದು. ಹನ್ನೊಂದು ಗಂಟೆಗೆ ಎಂದಿದ್ದ ಓಟ ಒಂದಾದರೂ ಆಗಲಿಲ್ಲ. ಮೂರನೆಯ ಸ್ಟ್ಯಾಂಡಿನಲ್ಲಿ, ಅಂದರೆ ರೋಲುಗಳ ಮೂರನೆಯ ಜೋಡಿಯಲ್ಲಿ, ಕಬ್ಬಿಣಕ್ಕೆ ದಾರಿ ತೋರಿಸುವ ಗೈಡು ಸಡಿಲ ಕಂಡಿತೆಂದು ಪೊರ್ಬುಗಳು ಒಬ್ಬ ಫಿಟ್ಟರನನ್ನು ಕರೆದುಕೊಂಡು ಹೋಗಿ ಅಲ್ಲೇ ನಿಂತುಬಿಟ್ಟಿದ್ದರು. ರೋಲುಗಳು ತಿರುಗುತ್ತಲೇ ಇದ್ದವು. ಫರ್ನೇಸು ಕಾದು ಕಾಯುತ್ತಿತ್ತು. ಕುರ್ಚಿಯಲ್ಲಿ ಕೂತವರು ಮೊಬೈಲ್ ನೋಡತೊಡಗಿದ್ದರು.

ನಾನು ಹಿಂಬದಿಗೆ, ಸರಳುಗಳು ಬಂದು ತಣಿಯುವ ಜಾಗದ ಆಚೆಗೆ, ಇನ್ನಷ್ಟು ಎಳನೀರು ತರಲು ಹೋದೆ. ಯಾರೂ ಇರಲಿಲ್ಲ. ಸೊಂಟದಲ್ಲಿ ಒಂದು ವಾಕಿಟಾಕಿ ಇತ್ತು, ಸಂಯೋಜಕನಲ್ಲವೇ. ಆಗ ಮಾಡಿದೆ.

ಆಮೇಲೆ ಎಲ್ಲರ ಹತ್ತಿರ ‘ಸುಮ್ಮನೆ ಹೇಳಿದ್ದು, ಬಟನ್ ತಾಗಿಹೋಯಿತು’ ಎಂದಿದ್ದೇನೆ. ಇಲ್ಲಿ ಹಾಗೆ ಬರೆಯುವುದಿಲ್ಲ. ತಾಗಲಿಲ್ಲ, ಒತ್ತಿದೆ. ಫರ್ನೇಸಿನವರು ಮೋಸ ಹೋಗುತ್ತಾರೋ ನೋಡುವ ಎಂಬ ಆಸೆ. ಅವರು ಏನಾದರೂ ಮಾತಾಡುತ್ತಾರೆ, ತಕ್ಷಣ ‘ನಾನು ಮಾರ್ರೆ, ತಮಾಷೆಗೆ’ ಎನ್ನುವುದು ಎಂದು ಎಣಿಸಿದ್ದೆ. ಉತ್ತರ ಕೊಡಬಾರದು ಎಂದು ಅವರಿಗೆ ಕಲಿಸಿದ್ದರು ಎನ್ನುವುದನ್ನೇ ಮರೆತಿದ್ದೆ. ಉತ್ತರ ಬರಲಿಲ್ಲ. ಬಿಲೆಟ್ ಬಂತು.

ನಾನು ಕಂಡದ್ದು ಇಷ್ಟು. ಮೊದಲ ಎರಡು ಸ್ಟ್ಯಾಂಡುಗಳನ್ನು ಅದು ಬಹಳ ಚಂದವಾಗಿ ದಾಟಿತು. ಕುರ್ಚಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಮೂರನೆಯದರಲ್ಲಿ ಸಡಿಲ ಗೈಡಿಗೆ ಹೊಡೆದು ಮೇಲಕ್ಕೆ ಎದ್ದಿತು. ಎದ್ದ ಕೆಂಪು ಸರಳು ಶೆಡ್ಡಿನ ಮಾಡಿನವರೆಗೆ ಹೋಗಿ ಸುತ್ತಿಕೊಂಡು, ಮಾಲೆಗಳ ಮೇಲೆ, ಕೇಬಲ್ಲುಗಳ ಮೇಲೆ, ನೀರಿನ ಪೈಪುಗಳ ಮೇಲೆ ಬಿತ್ತು. ಸೇವಂತಿಗೆ ಹೂವು ಸುಟ್ಟ ವಾಸನೆ ಹೇಗಿರುತ್ತದೆ ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಪೊರ್ಬುಗಳು ಫಿಟ್ಟರನನ್ನು ಅಂಗಿಯ ಕಾಲರ್ ಹಿಡಿದು ಎಳೆದುಕೊಂಡು ಹಿಂದಕ್ಕೆ ಬಿದ್ದಿದ್ದರು. ಫಿಟ್ಟರನ ಮೊಣಕೈ ತರಚಿತು. ಬೇರೆ ಯಾರಿಗೂ ಏನೂ ಆಗಲಿಲ್ಲ. ಒಳಗೆ ಗೇರ್‌ಬಾಕ್ಸ್ ಒಡೆದ ಶಬ್ದ ಕಾರ್ಕಳದವರೆಗೆ ಕೇಳಿಸಿರಬೇಕು. ಆಮೇಲೆ ಎಲ್ಲ ನಿಂತಿತು. ನನ್ನ ಕೈಯಲ್ಲಿ ಎರಡು ಎಳನೀರು ಇದ್ದವು.

ಮಧ್ಯಾಹ್ನದ ನಂತರ ಆಫೀಸಿನಲ್ಲಿ ಎಲ್ಲರನ್ನೂ ಕೂರಿಸಿದರು. ಪಾಜಿ ವರದಿಯ ಪುಸ್ತಕ ತೆರೆದು ಹಿಂದಿಯಲ್ಲಿ ಕೇಳುತ್ತಿದ್ದ. ಗಲ್ಫಿನಲ್ಲಿದ್ದ ಪೊರ್ಬುಗಳಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು.

ಬಿಲೆಟ್ ಬಿಡಲು ಯಾರು ಹೇಳಿದ್ದು ಎಂದು ಪಾಜಿ ಕೇಳಿದ.

“ಪೊರ್ಬುಗಳು” ಎಂದರು ಫರ್ನೇಸಿನವರು. “ಕೆಮ್ಮಿದ್ದು ಕೇಳಿದ್ದೇನೆ, ಹ್ಞಾ ಅಂದದ್ದು ಕೇಳಿದ್ದೇನೆ. ಅವರ ಸ್ವರ ನನಗೆ ಗೊತ್ತಿಲ್ವಾ?”

ವಾಕಿಟಾಕಿ ಇದ್ದ ಇನ್ನೂ ಆರು ಜನ ಅದನ್ನೇ ಹೇಳಿದರು.

“ನಾನು ಹೇಳಲಿಲ್ಲ” ಎಂದರು ಪೊರ್ಬುಗಳು.

“ನೀವು ವಾಕಿಟಾಕಿ ಮುಟ್ಟಲೇ ಇಲ್ಲವೇ?”

“ಮುಟ್ಟಿದ್ದೇನೆ. ಪಂಪಿನವನ ಹತ್ತಿರ ನೀರಿನ ಒತ್ತಡ ಎಷ್ಟುಂಟು ಅಂತ ಕೇಳಿದೆ.”

“ಅದಾದ ಮೇಲೆ?”

ಪೊರ್ಬುಗಳು ಬಾಯಿ ತೆರೆದರು. ಏಳು ಮುಖಗಳನ್ನು ಒಂದೊಂದಾಗಿ ನೋಡಿದರು. ಯಂತ್ರದ ಗದ್ದಲದಲ್ಲಿ ಅವರ ಸೊಂಟದ ವಾಕಿಟಾಕಿ ಅವರಿಗೇ ಕೇಳಿಸಿರಲಿಲ್ಲ. “ಅದಾದ ಮೇಲೆ...” ಎಂದು ನಿಲ್ಲಿಸಿದರು. ನಾನು ಎದ್ದು ಹೇಳಬೇಕಾಗಿದ್ದರೆ ಆಗಲೇ ಹೇಳಬೇಕಿತ್ತು.

ಪಾಜಿ ದಡ್ಡನಲ್ಲ. ನನ್ನ ಕಡೆ ತಿರುಗಿ, ಅದು ನೀನಲ್ಲ ತಾನೇ ಎಂದು ಕೇಳಿದ. ನಾನು ಏನು ಮಾಡಿದೆ ಗೊತ್ತೇ? ಪಾಜಿಯ ಸ್ವರದಲ್ಲೇ ಅವನಿಗೆ ಉತ್ತರ ಕೊಟ್ಟೆ: ನಾನು ಎಳನೀರಿನ ಬೊಂಡ ಕಡಿಯುತ್ತಿದ್ದೆ ಸಾಹೇಬರೇ, ಬೇಕಿದ್ದರೆ ಬೊಂಡವನ್ನೇ ಕೇಳಿ. ಅಷ್ಟು ದುಃಖದಲ್ಲೂ ಇಬ್ಬರು ನಕ್ಕರು. ಪೊರ್ಬುಗಳೂ ಸ್ವಲ್ಪ ನಕ್ಕರು. “ಇವ ಅಲ್ಲ. ಇವನಿಗೆ ಬೇಡ ಅಂದಿದ್ದೆ, ನಿಲ್ಲಿಸಿದ್ದಾನೆ” ಎಂದು ನನ್ನ ಪರವಾಗಿ ಅವರೇ ಹೇಳಿದರು.

ಗೇರ್‌ಬಾಕ್ಸ್ ಲಾರಿ ಹತ್ತಿ ಪಂಜಾಬಿಗೆ ಹೋಯಿತು. ಮಿಲ್ಲು ಬಾಗಿಲು ಹಾಕಿತು. ಮೂರನೆಯ ದಿನ, ಒಡೆದ ಯಂತ್ರದ ಫೋಟೊಗಳ ಸಮೇತ ಪಾಲುದಾರರ ಪತ್ರ ಬಂತು: ತಪ್ಪು ನಿಮ್ಮ ಕಡೆಯದು, ತಾನು ಆಡಿದ ಮಾತು ತನಗೇ ನೆನಪಿಲ್ಲದ ಫೋರ್‌ಮನ್ ಕೆಲಸದ ಜಾಗದಲ್ಲಿ ಇರುವವರೆಗೆ ನಮ್ಮ ಜನ ಅಲ್ಲಿ ನಿಲ್ಲುವುದಿಲ್ಲ, ಬದಲಿಗೆ ನಮ್ಮವನನ್ನು ಕಳಿಸುತ್ತೇವೆ. ಧಣಿಗಳು ಪತ್ರವನ್ನು ಮೇಜಿನ ಮೇಲೆ ಮಗುಚಿ ಹಾಕಿದರು. “ಬಲೆ ಹರಿದ ದಿನ ಅವರು ಸೂಜಿ ತರಲಿಲ್ಲ, ಕ್ಯಾಮರಾ ತಂದರು” ಎಂದರು. ಆದರೂ ಪೊರ್ಬುಗಳನ್ನು ಬಿಡಲು ಒಪ್ಪಲಿಲ್ಲ. ಗೇರ್‌ಬಾಕ್ಸ್ ಬರುವವರೆಗೆ ಸಮಯ ಉಂಟು, ನೋಡುವ ಎಂದರು.

ಬಿಟ್ಟುಕೊಡತೊಡಗಿದವರು ಪೊರ್ಬುಗಳೇ. ಅವರ ತಾಯಿ ಕೊನೆಗಾಲದಲ್ಲಿ ಮರೆವಿನ ರೋಗದಿಂದ ಸತ್ತವರು. ಮಗನನ್ನೇ ಗುರುತಿಸದೆ, ಎಂದೋ ತೀರಿಕೊಂಡ ಗಂಡನಿಗೆ ದಿನಾ ತಟ್ಟೆ ಇಡುತ್ತಿದ್ದರಂತೆ. ಅದು ತಮಗೂ ಶುರುವಾಯಿತು ಎಂದು ಅವರು ತೀರ್ಮಾನಿಸಿಬಿಟ್ಟರು. “ಏಳು ಜನ ಕೇಳಿದ್ದಾರೆ. ಏಳು ಜನಕ್ಕೆ ಸುಳ್ಳು ಹೇಳಿ ಎಂತ ಆಗಬೇಕು?” ಸ್ಕೂಟರ್ ಬಿಡುವುದನ್ನು ನಿಲ್ಲಿಸಿದರು. ಗ್ಯಾಸ್ ಒಲೆ ಮುಟ್ಟುವುದನ್ನು ನಿಲ್ಲಿಸಿದರು. ಜೇಬಿನಲ್ಲಿ ಒಂದು ಸಣ್ಣ ಪುಸ್ತಕ ಇಟ್ಟುಕೊಂಡು, ಯಾರ ಹತ್ತಿರ ಏನು ಮಾತಾಡಿದೆ ಎಂದು ಬರೆದಿಡತೊಡಗಿದರು.

ಮಣಿಪಾಲದ ಆಸ್ಪತ್ರೆಗೆ ಅವರನ್ನು ನನ್ನ ಬೈಕಿನಲ್ಲಿ ಕರೆದುಕೊಂಡು ಹೋದವನು ನಾನೇ. ಮಿಲ್ಲು ನಿಂತಿತ್ತು, ಸಂಯೋಜಕನಿಗೆ ಬೇರೆ ಕೆಲಸ ಇರಲಿಲ್ಲ. ಅವರ ಹೆಂಡತಿ ಬಾಯಮ್ಮ ಗೇಟಿನವರೆಗೆ ಬಂದು, “ನೀನಿದ್ದೀಯಲ್ಲ ಮಗ, ನಗಿಸುತ್ತಾ ಕರೆದುಕೊಂಡು ಹೋಗು” ಎಂದರು. ಉದ್ಯಾವರದ ಸೇತುವೆ ದಾಟುವಾಗ ನಾನು ಒಂದೆರಡು ಸ್ವರ ಮಾಡಿದೆ. ಹಿಂದಿನಿಂದ ಅವರು ನಗಲಿಲ್ಲ, ನನ್ನ ಭುಜವನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.

ಡಾಕ್ಟರು ನನಗಿಂತ ಸ್ವಲ್ಪ ದೊಡ್ಡವಳಾದ ಒಬ್ಬ ಹುಡುಗಿ. ಗಡಿಯಾರದ ಚಿತ್ರ ಬಿಡಿಸಲು ಹೇಳಿದಳು. ನೂರರಿಂದ ಏಳೇಳು ಕಳೆಯುತ್ತಾ ಬರಲು ಹೇಳಿದಳು. ಮೂರು ಶಬ್ದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದಳು. ಪೊರ್ಬುಗಳು ಎಲ್ಲವನ್ನೂ ತಪ್ಪಿಲ್ಲದೆ ಮಾಡಿದರು. ಗಡಿಯಾರವಂತೂ ಅಳತೆ ಹಿಡಿದು ಬರೆದ ಹಾಗಿತ್ತು. ನಿಮ್ಮ ವಯಸ್ಸಿಗೆ ಇದು ಬಹಳ ಚೆನ್ನಾಗಿದೆ ಅಂಕಲ್ ಎಂದು ಅವಳು ಹೇಳಿದಾಗ ನಾನು ಉಸಿರು ಬಿಟ್ಟೆ. ಇನ್ನು ಹೇಳುವ ಅಗತ್ಯವೇ ಇಲ್ಲ ಎಂದುಕೊಂಡೆ.

ಹೊರಗೆ ಕಾರಿಡಾರಿನಲ್ಲಿ ಅವರು ಬೆಂಚಿನ ಮೇಲೆ ಕೂತರು. “ಇದು ಇನ್ನೂ ಕೆಟ್ಟದ್ದು ಅಲ್ವಾ? ಕೊಡೆ, ಏಣಿ, ಬಂಗುಡೆ ಎಲ್ಲ ನೆನಪುಂಟು. ಒಬ್ಬ ಮನುಷ್ಯನ ತಲೆ ಹೋಗುವ ಹಾಗಿದ್ದ ಮಾತು ನೆನಪಿಲ್ಲ. ಬೇಕಾದ ಜಾಗದಲ್ಲಿ ಮಾತ್ರ ತೂತು ಬಿದ್ದಿದೆ” ಎಂದರು.

ಆಮೇಲೆ ನನ್ನ ಹತ್ತಿರ ಒಂದು ಉಪಕಾರ ಕೇಳಿದರು. ದಿನಾ ಸಂಜೆ ನಾನು ಫೋನ್ ಮಾಡಿ ಮೂರು ಶಬ್ದ ಕೊಡಬೇಕು. ಬೆಳಿಗ್ಗೆ ಅವರು ನನಗೆ ಅದನ್ನು ಒಪ್ಪಿಸಬೇಕು. ಆಯಿತು ಎಂದೆ. ಹಾಗೆ ಪ್ರತಿದಿನ ಬೆಳಿಗ್ಗೆ ಏಳು ಗಂಟೆಗೆ ಫೋನ್ ಬರುತ್ತಿತ್ತು. ಒಂದು ಸಣ್ಣ ಕೆಮ್ಮು, ಒಂದು ‘ಹ್ಞಾ’. ಆಮೇಲೆ ನಾನೇ ಕೊಟ್ಟ ಮೂರು ಶಬ್ದಗಳು, ಶಾಲೆಯ ಮಗು ಪಾಠ ಒಪ್ಪಿಸಿದ ಹಾಗೆ. “ಸರಿ ಉಂಟಾ?” ಎಂದು ಕೇಳುವರು. “ಸರಿ ಉಂಟು ಪೊರ್ಬುಗಳೇ” ಎನ್ನುವೆ. ಫೋನಿಟ್ಟ ಮೇಲೆ ಹಾಸಿಗೆಯಿಂದ ಏಳಲು ಆಗುತ್ತಿರಲಿಲ್ಲ. ಎಲ್ಲರನ್ನೂ ಆಡಬಲ್ಲ ನಾನು ಕನ್ನಡಿಯ ಎದುರು ನಿಂತು ‘ಅದು ನಾನು’ ಎಂದು ನನ್ನ ಸ್ವರದಲ್ಲಿ ಹೇಳಲು ನೋಡುತ್ತಿದ್ದೆ. ಒಂದು ಸಲ ಧಣಿಯ ಹಾಗೆ ಬರುತ್ತಿತ್ತು, ಒಂದು ಸಲ ವಾರ್ಡನ್ ಹಾಗೆ.

ಇಪ್ಪತ್ತಾರನೆಯ ದಿನ ಅವರು ನನ್ನನ್ನು ಮನೆಗೆ ಕರೆದರು. ಜಗಲಿಯಲ್ಲಿ ಕೂರಿಸಿ ಒಂದು ಹಾಳೆ ಕೊಟ್ಟರು. ಕೆಲಸ ಬಿಡುವ ಪತ್ರ. “ನನ್ನ ಕನ್ನಡ ಗಲ್ಫಿನ ಕನ್ನಡ. ನೀನು ಸ್ವಲ್ಪ ಚಂದ ಮಾಡಿ ಟೈಪ್ ಮಾಡು” ಎಂದರು. ಲ್ಯಾಪ್‌ಟಾಪ್ ತೆರೆದೆ. ಮೊದಲ ಸಾಲು: ನನ್ನ ನೆನಪಿನ ಶಕ್ತಿಯ ಮೇಲೆ ನನಗೇ ಭರವಸೆ ಇಲ್ಲದೆ ಇರುವುದರಿಂದ. ಎರಡನೆಯ ಸಾಲು: ನನ್ನ ಒಂದು ಮಾತಿನಿಂದ ಒಬ್ಬ ಫಿಟ್ಟರನ ಜೀವಕ್ಕೆ ಅಪಾಯ ಬಂದುದರಿಂದ. ಮೂರನೆಯ ಸಾಲಿಗೆ ನನ್ನ ಬೆರಳು ಹೋಗಲಿಲ್ಲ.

“ಪೊರ್ಬುಗಳೇ, ಆ ದಿನ ಬರಲಿ ಅಂದದ್ದು ನಾನು.”

ಅವರು ಸಿಟ್ಟಾಗಲಿಲ್ಲ. ನಂಬಲೂ ಇಲ್ಲ. “ಸಮಾಧಾನಕ್ಕೆ ಹಾಗೆಲ್ಲ ಹೇಳುವುದು ಬೇಡ ಮಾರಾಯ. ನಿನ್ನ ಹೆಸರು ಯಾಕೆ ಹಾಳು ಮಾಡಿಕೊಳ್ತಿ?”

“ಸತ್ಯ. ಹಿಂದೆ ಕೂತು ಹೇಳಿದ್ದು.”

“ಹಾಗಾದರೆ ಹೇಳು ನೋಡುವ.”

ಬರುವುದಿಲ್ಲವೇನೋ ಎಂದುಕೊಂಡೆ. ಆದರೆ ಹಾಳು ಸ್ವರ, ಬಂತು. ಕೆಮ್ಮು ಬಂತು, ‘ಹ್ಞಾ’ ಬಂತು, ‘ಬರಲಿ’ ಬಂತು.

“ಚಾ ತರ್ತೇನೆ, ತರ್ತೇನೆ. ಹಾಲು ಉಕ್ಕಲಿ ಸ್ವಲ್ಪ” ಎಂದು ಬಾಯಮ್ಮ ಅಡುಗೆಮನೆಯಿಂದ ಕೊಂಕಣಿಯಲ್ಲಿ ಗಂಡನಿಗೆ ಉತ್ತರ ಕೊಟ್ಟರು.

ಪೊರ್ಬುಗಳು ಅಡುಗೆಮನೆಯ ಬಾಗಿಲನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಬಾಯಮ್ಮ ಚಾ ತಂದು ಇಟ್ಟರು. ಪೊರ್ಬುಗಳು ಹೆಂಡತಿಗೆ ಮೆಲ್ಲನೆ ಏನೋ ಹೇಳಿದರು. ‘ನನ್ನ ತಲೆ ಸರಿ ಉಂಟಂತೆ’ ಎಂದು ಹೇಳಿದ್ದಿರಬೇಕು. ಬಾಯಮ್ಮ ಅಲ್ಲೇ ನೆಲದ ಮೇಲೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡರು.

“ಎಷ್ಟು ದಿನ ಆಯಿತು?” ಎಂದು ಪೊರ್ಬುಗಳು ಕೇಳಿದರು.

“ಇಪ್ಪತ್ತಾರು.”

“ದಿನಾ ಬೆಳಿಗ್ಗೆ ಮೂರು ಶಬ್ದ ಕೇಳುತ್ತಿದ್ದವನು ನೀನೇ ಅಲ್ವಾ?”

“ಹೌದು.”

ಅವರು ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟರು. ಚಾ ಕುಡಿದು ಹೋಗು ಎಂದರು. ಅವರು ಬೈದಿದ್ದರೆ, ಹೊಡೆದಿದ್ದರೆ, ಆ ಚಾ ಇಳಿಯುತ್ತಿತ್ತು.

ಅದೇ ಸಂಜೆ ಧಣಿಗಳ ಎದುರು, ಪಾಜಿಯ ಎದುರು, ಎಲ್ಲ ಹೇಳಿದೆ. ಬಟನ್ ತಾಗಿಹೋಯಿತು ಎಂಬ ಸುಳ್ಳನ್ನು ಮೊದಲು ಹೇಳಿದ್ದು ಅಲ್ಲಿಯೇ. ಅಷ್ಟು ಹೇಡಿತನ ಇನ್ನೂ ಉಳಿದಿತ್ತು. ಪಾಜಿ ವರದಿಯ ಆ ಪುಟವನ್ನು ಹೊಡೆದುಹಾಕಿ ಹೊಸದಾಗಿ ಬರೆದ, ಪಂಜಾಬಿಗೆ ಫೋನ್ ಮಾಡಿ ತಾಸುಗಟ್ಟಲೆ ವಾದಿಸಿದ. ತಪ್ಪು ಈಗಲೂ ನಮ್ಮ ಕಡೆಯದೇ, ಆದರೆ ಫೋರ್‌ಮನ್ ವಾಪಸು ಬರಬಹುದು ಎಂದು ಅವರು ಒಪ್ಪಿದರು. ಧಣಿಗಳು ನನ್ನ ಮೇಲೆ ಕೂಗಾಡಲಿಲ್ಲ. “ನಾಳೆ ಉದ್ಯಾವರಕ್ಕೆ ಹೋಗುವ. ನೀನೂ ಬಾ” ಎಂದರು ಅಷ್ಟೇ. ಹೊರಗೆ ಫರ್ನೇಸಿನವರು ನಿಂತಿದ್ದರು. ನನಗೆ ಬೈಯಲು ಅವರಿಗೂ ಬರಲಿಲ್ಲ. “ಇನ್ನು ಆ ಸ್ವರ ಕೇಳಿದರೆ ನಾನು ದೂಡುವುದಾ, ಬಿಡುವುದಾ? ಅದೊಂದು ಹೇಳಿ ನೀವು” ಎಂದರು.

ಈಗ ನಮ್ಮ ಮಿಲ್ಲು ಓಡುತ್ತಿದೆ. ಪಾಲುದಾರರು ಕಳಿಸಿದ ಒಬ್ಬ ಫೋರ್‌ಮನ್ ಇದ್ದಾನೆ. ಹಸಿರು ದೀಪ ಹತ್ತುತ್ತದೆ, ಬಿಲೆಟ್ ಬರುತ್ತದೆ. ಯಾರೂ ಏನೂ ಹೇಳುವುದಿಲ್ಲ. ವಾರಕ್ಕೊಮ್ಮೆಯಾದರೂ ಕಬ್ಬಿಣ ದಾರಿ ತಪ್ಪಿ ಸುತ್ತಿಕೊಳ್ಳುತ್ತದೆ. ಬಣ್ಣ ನೋಡಿ ಹೇಳುವವರಿಲ್ಲ. ಧಣಿಗಳು ಆಫೀಸಿನಿಂದ ಶೆಡ್ಡಿನ ಕಡೆ ಬರುವುದು ಕಡಿಮೆ. ನಾನು ಇನ್ನೂ ಸಂಯೋಜಕ. ಕ್ಯಾಂಟೀನಿನಲ್ಲಿ ಗೋಳಿಬಜೆ ಬಂದರೆ ಸುಮ್ಮನೆ ತಿನ್ನುತ್ತೇವೆ.

ಇದೆಲ್ಲ ಹೀಗೆ ಎಂದು ತೀರ್ಮಾನವಾದದ್ದು ನಾನು ಒಪ್ಪಿಕೊಂಡ ಮರುದಿನ, ಉದ್ಯಾವರದಲ್ಲಿ ಪೊರ್ಬುಗಳ ಜಗಲಿಯಲ್ಲಿ. ಧಣಿಗಳು, ಪಾಜಿ, ನಾನು, ಮೂವರೂ ಸಾಲಾಗಿ ಕೂತಿದ್ದೆವು. ಪೊರ್ಬುಗಳು ಬಹಳ ಮರ್ಯಾದೆಯಿಂದ ಮಾತಾಡಿಸಿದರು. ಗೇರ್‌ಬಾಕ್ಸ್ ಯಾವಾಗ ಬರುತ್ತದೆ ಎಂದು ಕೇಳಿದರು. ಮೂರನೆಯ ಸ್ಟ್ಯಾಂಡಿನ ಗೈಡಿಗೆ ಯಾವ ಬೋಲ್ಟ್ ಹಾಕಬೇಕು ಎಂದು ಪಾಜಿಗೆ ಒಂದು ಕಾಗದದ ಮೇಲೆ ಬರೆದು ತೋರಿಸಿದರು. ಬಂದೇ ಬರುತ್ತಾರೆ ಎಂದು ನನಗೆ ಅನಿಸಿದ್ದು ಆಗ.

“ಸೋಮವಾರದಿಂದ ಬನ್ನಿ ಪೊರ್ಬುಗಳೇ. ಇವ ನಿಮ್ಮ ಕಣ್ಣೆದುರು ಬೇಡ ಅಂದರೆ ಇವತ್ತೇ ಕಳಿಸುತ್ತೇನೆ” ಎಂದರು ಧಣಿಗಳು.

“ಕಳಿಸುವುದು ಬೇಡ. ಕೆಲಸ ಇಲ್ಲದಿದ್ದರೆ ಇವ ಇನ್ನೂ ಹಾಳಾಗುತ್ತಾನೆ” ಎಂದರು ಪೊರ್ಬುಗಳು.

ಧಣಿಗಳು ನನ್ನ ಕಡೆ ನೋಡಿದರು. ನಾನು ಎದ್ದು ನಿಂತೆ. ಯಾರ ಸ್ವರವೂ ಅಲ್ಲದ, ಒಡಕು ಒಡಕಾದ ಒಂದು ಸ್ವರ ಹೊರಗೆ ಬಂತು, ಅದೇ ನನ್ನದಿರಬೇಕು. “ಬನ್ನಿ ಪೊರ್ಬುಗಳೇ. ನಾನು ಇನ್ನು ಯಾವತ್ತೂ ಹಾಗೆ ಮಾಡುವುದಿಲ್ಲ. ನೀವಿಲ್ಲದೆ ಅಲ್ಲಿ ನಡೆಯುವುದಿಲ್ಲ” ಎಂದೆ.

ಪೊರ್ಬುಗಳು ಜೇಬಿನಿಂದ ಮಡಚಿದ ಹಾಳೆಯನ್ನು ತೆಗೆದು ಧಣಿಗಳ ಕೈಗೆ ಕೊಟ್ಟರು. ಮೊದಲ ಎರಡು ಸಾಲುಗಳನ್ನು ಪೆನ್ನಿನಿಂದ ಹೊಡೆದುಹಾಕಿದ್ದರು. ಕೆಲಸ ಬಿಡುತ್ತೇನೆ ಎಂಬ ಮೂರನೆಯ ಸಾಲು, ಸಹಿ ಹಾಗೆಯೇ ಇದ್ದವು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು:

“ನನ್ನ ಸ್ವರ ಅಲ್ಲೇ ಉಂಟಲ್ಲ ಮಾರಾಯ. ಇನ್ನು ನಾನು ಎಂತಕ್ಕೆ?”